ಊರಿನ ಆಡಳಿತ ಮತ್ತು ಪರಿಸರ: ಪದೇ ಪದೇ ಕೇಳುವ ಪ್ರಶ್ನೆಗಳು

ನಗರಸಭೆ, ಪುರಸಭೆಗಳ ಸದಸ್ಯರು, ಎಂಜಿನಿಯರುಗಳು, ಆರೋಗ್ಯ ನಿರೀಕ್ಷಕರು ಮತ್ತು ಇವರ ಬೆನ್ನು ಬಿದ್ದು ಕೆಲಸ ಮಾಡಿಸುವ ನಾಗರಿಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಓದುವಾಗ ಒಂದು ಮಾತು ಗಮನದಲ್ಲಿರಲಿ: ಇಂಥ ಯೋಜನೆಗಳಲ್ಲಿ ಹೆಚ್ಚಿನವು ಕಟ್ಟುವಾಗ ಸೋಲುವುದಿಲ್ಲ, ಉದ್ಘಾಟನೆಯಾದ ಮೇಲೆ ನೋಡಿಕೊಳ್ಳುವವರಿಲ್ಲದೆ ಸೋಲುತ್ತವೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ನಿರ್ವಹಣೆಯ ಮಾತೇ ಜಾಸ್ತಿ.

ಸುಸ್ಥಿರ ಊರು ಅಂದರೆ ಏನು?

ತನ್ನ ನೀರು, ಮಣ್ಣು, ಗಾಳಿ, ಇಂಧನವನ್ನು ಮುಂದಿನವರಿಗೂ ಉಳಿಯುವಷ್ಟು ಹಿತಮಿತವಾಗಿ ಬಳಸುವ ಊರು. ಕೆಲಸಕ್ಕೆ ಇಳಿದಾಗ ಈ ವ್ಯಾಖ್ಯೆಗಿಂತ ನಾಲ್ಕು ಅಂಕಿಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ: ತಲೆಗೆ ದಿನಕ್ಕೆ ಎಷ್ಟು ಲೀಟರ್ ನೀರು ಎತ್ತುತ್ತೇವೆ, ಎಷ್ಟು ಕಿಲೋ ಕಸ ಗುಂಡಿಗೆ ಹೋಗುತ್ತದೆ, ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಉರಿಸುತ್ತೇವೆ, ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಓಡಾಡುವವರು ಎಷ್ಟು ಮಂದಿ. ಮೊದಲ ಮೂರು ಇಳಿದು ಕೊನೆಯದು ಏರುತ್ತಿದ್ದರೆ ಊರು ಸರಿದಾರಿಯಲ್ಲಿದೆ.

ಹವಾಮಾನ, ಪರಿಸರ ಇವೆಲ್ಲ ದೊಡ್ಡ ಸರಕಾರಗಳ ಕೆಲಸವಲ್ಲವೇ? ಊರಿನ ಆಡಳಿತದ ಕೈಯಲ್ಲಿ ಏನಿದೆ?

ಸಾಕಷ್ಟಿದೆ. ಕಸ, ಕುಡಿಯುವ ನೀರು, ಚರಂಡಿ, ಬೀದಿ ದೀಪ, ರಸ್ತೆಯ ಅಗಲ, ಉದ್ಯಾನ, ಕಟ್ಟಡದ ಪರವಾನಗಿ, ಮಾರುಕಟ್ಟೆಯ ಜಾಗ ಇವೆಲ್ಲ ಬಹುತೇಕ ದೇಶಗಳಲ್ಲಿ ಸ್ಥಳೀಯ ಸಂಸ್ಥೆಯ ಅಧಿಕಾರದಲ್ಲೇ ಇವೆ. 1992ರಲ್ಲಿ ರಿಯೋ ಡಿ ಜನೈರೋದ ಭೂಶೃಂಗಸಭೆ ಒಪ್ಪಿದ ‘ಅಜೆಂಡಾ 21’ರ 28ನೇ ಅಧ್ಯಾಯ ಪೂರ್ತಿಯಾಗಿ ಸ್ಥಳೀಯ ಆಡಳಿತಗಳ ಕುರಿತದ್ದು. ಅದಕ್ಕೂ ಎರಡು ವರ್ಷ ಮೊದಲೇ, 1990ರಲ್ಲಿ, ಇದೇ ಉದ್ದೇಶದ ನಗರಗಳ ಒಕ್ಕೂಟ ‘ಇಕ್ಲೀ’ ಹುಟ್ಟಿತ್ತು. ವಿದ್ಯುತ್ ಸ್ಥಾವರ ಕಲ್ಲಿದ್ದಲು ಸುಡಬೇಕೋ ಬೇಡವೋ ಎಂದು ಪುರಸಭೆ ತೀರ್ಮಾನಿಸಲಾರದು. ಆದರೆ ಆ ವಿದ್ಯುತ್ತಿನಲ್ಲಿ ಎಷ್ಟು ಪಾಲು ಸೋರುವ ನೀರನ್ನು ಮೇಲೆತ್ತಲು ವ್ಯರ್ಥವಾಗುತ್ತದೆ ಎಂಬುದು ಅದರ ಕೈಯಲ್ಲೇ ಇದೆ.

ಎಲ್ಲಿಂದ ಶುರು ಮಾಡಬೇಕು?

ಬಿಲ್ಲುಗಳಿಂದ. ಸಲಹೆಗಾರರನ್ನು ಹುಡುಕುವ ಮೊದಲು ಕಳೆದ 12 ತಿಂಗಳ ವಿದ್ಯುತ್ ಬಿಲ್ಲು, ವಾಹನಗಳ ಡೀಸೆಲ್ ಲೆಕ್ಕ, ಪಂಪ್‌ಹೌಸಿನ ಲಾಗ್ ಪುಸ್ತಕ, ಕಸದ ಗಾಡಿಗಳ ತೂಕದ ಚೀಟಿ ಇಷ್ಟನ್ನು ಒಂದೇ ಹಾಳೆಯಲ್ಲಿ ಕೂರಿಸಿ. ಪ್ರತಿ ಮೀಟರಿಗೆ ಒಂದು ಸಾಲು: ಮೀಟರ್ ಎಲ್ಲಿದೆ, ಯಾವುದಕ್ಕೆ ಕರೆಂಟು ಕೊಡುತ್ತದೆ, ತಿಂಗಳಿಗೆ ಎಷ್ಟು ಯೂನಿಟ್. ಈ ಪಟ್ಟಿ ಮಾಡುವಾಗಲೇ ಎರಡು ಸಂಗತಿ ಹೊರಬೀಳುವುದು ಸಾಮಾನ್ಯ. ಒಂದು, ಯಾವುದಕ್ಕೆ ಎಂದು ಯಾರಿಗೂ ಗೊತ್ತಿಲ್ಲದ ಮೀಟರುಗಳು. ಮುಚ್ಚಿಹೋದ ಕಚೇರಿಗೋ, ಯಾರೋ ಕೊಕ್ಕೆ ಹಾಕಿಕೊಂಡ ಲೈನಿಗೋ ಹಣ ಕಟ್ಟುತ್ತಿರುತ್ತೇವೆ. ಇನ್ನೊಂದು, ಒಟ್ಟು ಬಳಕೆಯ ದೊಡ್ಡ ಪಾಲು ನಾಲ್ಕೈದು ಮೀಟರುಗಳಲ್ಲೇ ಇರುತ್ತದೆ, ಸಾಮಾನ್ಯವಾಗಿ ನೀರಿನ ಪಂಪುಗಳಲ್ಲಿ.

ಗಾಡಿಗಳಿಗೆ ತೂಕದ ಚೀಟಿಯೇ ಇಲ್ಲದಿದ್ದರೆ ಒಂದು ವಾರ ಪ್ರತಿ ಗಾಡಿಯನ್ನೂ ತೂಕದ ಸೇತುವೆಗೆ ಹತ್ತಿಸಿ. ‘ಟ್ರಿಪ್ಪಿಗೆ ಇಷ್ಟು ಟನ್’ ಎಂಬ ಅಂದಾಜನ್ನು ನಂಬಬೇಡಿ. ಗುತ್ತಿಗೆದಾರನಿಗೆ ಟ್ರಿಪ್ಪಿನ ಮೇಲೆ ಹಣ ಸಂದಾಯವಾಗುವ ಕಡೆ ಅರ್ಧ ತುಂಬಿದ ಗಾಡಿಯೂ ಪೂರ್ತಿ ಟ್ರಿಪ್ಪೇ.

ಇಂಗಾಲದ ಲೆಕ್ಕ ಹೇಗೆ ಹಾಕುವುದು? ಕಷ್ಟವೇ?

ಮೊದಲ ಲೆಕ್ಕ ಕಷ್ಟವಲ್ಲ. ನಗರಗಳಿಗೆಂದೇ 2014ರಲ್ಲಿ ರೂಪಿಸಿದ ಜಾಗತಿಕ ಲೆಕ್ಕಪದ್ಧತಿಯೊಂದಿದೆ, ‘ಜಿಪಿಸಿ’ ಎಂದು ಅದರ ಚುಟುಕು ಹೆಸರು. ಅದು ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಲ್ಲಿ ಹಿಡಿಯುತ್ತದೆ: ಊರಿನ ಗಡಿಯೊಳಗೆ ನೇರವಾಗಿ ಸುಟ್ಟದ್ದು, ಜಾಲದಿಂದ ಪಡೆದ ವಿದ್ಯುತ್ತಿನ ಪಾಲು, ಮತ್ತು ಊರಿನವರ ಚಟುವಟಿಕೆಯಿಂದ ಗಡಿಯಾಚೆ ಆದದ್ದು (ದೂರದ ಗುಂಡಿಗೆ ಸಾಗಿಸಿದ ಕಸ ಇದಕ್ಕೆ ಸೇರುತ್ತದೆ).

ಗುಣಾಕಾರ ಸರಳ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ, ಪೆಟ್ರೋಲ್ ಆದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ವಿದ್ಯುತ್ತಿಗೆ ಆಯಾ ದೇಶದ ಜಾಲದ ಗುಣಾಂಕ (ಒಂದು ಯೂನಿಟ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಎಂಬ ಅಂಕಿ) ಬೇರೆಬೇರೆ. ಅದನ್ನು ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಎಡವುವುದು ಹೆಚ್ಚಾಗಿ ಕಸದಲ್ಲಿ. ಗುಂಡಿಯಲ್ಲಿ ಗಾಳಿಯಿಲ್ಲದೆ ಕೊಳೆತ ಹಸಿ ಕಸ ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 27ರಿಂದ 30 ಪಟ್ಟು ಬಿಸಿಯೇರಿಸುತ್ತದೆ. ಹಾಗಾಗಿ ಗಾಡಿಗಳ ಡೀಸೆಲ್ ಉಳಿಸುವುದಕ್ಕಿಂತ ಆ ಗಾಡಿಗಳಲ್ಲಿ ಹೋಗುವ ಹಸಿ ಕಸವನ್ನು ಗುಂಡಿಯಿಂದ ತಪ್ಪಿಸುವುದು ಎಷ್ಟೋ ಸಲ ದೊಡ್ಡ ಉಳಿತಾಯ.

ಮೊದಲ ವರ್ಷವೇ ಎಲ್ಲವನ್ನೂ ಕರಾರುವಾಕ್ಕಾಗಿ ಅಳೆಯಲು ಹೋಗಬೇಡಿ. ಪ್ರತಿ ವರ್ಷ ಒಂದೇ ವಿಧಾನದಲ್ಲಿ ಅಳೆಯುವುದು ಮುಖ್ಯ. ವಿಧಾನ ಬದಲಿಸಿದರೆ ಹಳೆಯ ವರ್ಷಗಳನ್ನೂ ಹೊಸ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಲೇಬೇಕು.

ಗುರಿ ಎಷ್ಟು ದೊಡ್ಡದಿರಬೇಕು?

ದೊಡ್ಡ ಗುರಿ ತಪ್ಪಲ್ಲ, ಆದರೆ ಅದು ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಿ. ಸ್ವೀಡನ್ನಿನ ವೆಕ್‌ಷೋ ನಗರ 1996ರಲ್ಲಿ ಪಳೆಯುಳಿಕೆ ಇಂಧನದಿಂದ ಮುಕ್ತವಾಗುವ ತೀರ್ಮಾನವನ್ನು ಸರ್ವಾನುಮತದಿಂದ ಕೈಗೊಂಡಿತು. ಸುತ್ತಲಿನ ಕಾಡಿನ ಮರದ ಚೂರುಗಳಿಂದ ಮನೆಗಳಿಗೆ ಶಾಖ ಒದಗಿಸುವ ನಗರದ್ದೇ ಸ್ಥಾವರ ಅದಕ್ಕೂ ಮೊದಲಿನಿಂದ ಇತ್ತು. ಗುರಿ ಬೆಳೆದದ್ದು ಆ ತಳಪಾಯದ ಮೇಲೆ. ಕೋಪನ್‌ಹೇಗನ್ 2025ಕ್ಕೆ ಇಂಗಾಲ ತಟಸ್ಥ (ಒಟ್ಟಾರೆ ಹೊರಸೂಸುವಿಕೆ ಸೊನ್ನೆ) ಆಗುವುದಾಗಿ ಸಾರಿ, 2022ರಲ್ಲಿ ಆ ಗಡುವನ್ನು ಕೈಬಿಟ್ಟಿತು. ಹೊರಸೂಸುವಿಕೆ ಬಹಳ ಇಳಿದಿದ್ದರೂ ಕೊನೆಯ ಹೆಜ್ಜೆ ಕಸ ಸುಡುವ ಸ್ಥಾವರದಲ್ಲಿ ಇಂಗಾಲ ಹಿಡಿದಿಡುವ ಯಂತ್ರವನ್ನು ನೆಚ್ಚಿಕೊಂಡಿತ್ತು, ಅದಕ್ಕೆ ಬೇಕಾದ ಸರಕಾರಿ ನೆರವು ಸಿಗಲಿಲ್ಲ. ನಿಮ್ಮ ಗುರಿಯ ಪಕ್ಕದಲ್ಲಿ ಎರಡು ಕಾಲಂ ಎಳೆಯಿರಿ: ನಮ್ಮಿಂದಲೇ ಆಗುವುದು, ಇನ್ನೊಬ್ಬರ ಒಪ್ಪಿಗೆ ಬೇಕಾದದ್ದು. ಎರಡನೆಯದು ಉದ್ದವಾದಷ್ಟೂ ಗಡುವನ್ನು ಎಚ್ಚರದಿಂದ ಹೇಳಿ.

ಬೀದಿ ದೀಪ ಬದಲಿಸಿದರೆ ಎಷ್ಟು ಉಳಿಯುತ್ತದೆ?

150 ವ್ಯಾಟಿನ ಸೋಡಿಯಂ ದೀಪ ತನ್ನ ಚೋಕಿನೊಂದಿಗೆ ಸುಮಾರು 170 ವ್ಯಾಟ್ ಎಳೆಯುತ್ತದೆ. ಅದರ ಜಾಗದಲ್ಲಿ 80 ವ್ಯಾಟಿನ ಎಲ್‌ಇಡಿ ಬಂದರೆ ದೀಪಕ್ಕೆ 90 ವ್ಯಾಟ್ ಉಳಿತಾಯ. ವರ್ಷಕ್ಕೆ 4,000 ಗಂಟೆ ಉರಿಯುವ 1,000 ದೀಪಗಳಿಗೆ ಇದು 3,60,000 ಯೂನಿಟ್.

ಹಾಳಾಗುವುದು ಎಲ್ಲಿ? ಎಲ್‌ಇಡಿ ಚಿಪ್ಪು ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದಕ್ಕೆ ಕರೆಂಟು ಹದ ಮಾಡಿಕೊಡುವ ಡ್ರೈವರ್ ಹೋಗುತ್ತದೆ. ಮಿಂಚು, ವೋಲ್ಟೇಜಿನ ಏರಿಳಿತ ಮತ್ತು ಒಳಗೆ ಸೇರುವ ತೇವ ಅದರ ಶತ್ರುಗಳು. ಟೆಂಡರಿನಲ್ಲಿ ಐಪಿ 65 (ಧೂಳು-ನೀರು ಒಳಹೋಗದ ಮಟ್ಟ) ಅಥವಾ ಮೇಲಿನ ರಕ್ಷಣೆ, 10 ಕಿಲೋವೋಲ್ಟ್ ಸರ್ಜ್ (ದಿಢೀರನೆ ಏರುವ ವೋಲ್ಟೇಜ್) ತಡೆ, ಡ್ರೈವರನ್ನು ಬಿಡಿಯಾಗಿ ಬದಲಿಸಲು ಬರುವ ವಿನ್ಯಾಸ ಇವನ್ನು ಸ್ಪಷ್ಟವಾಗಿ ಬರೆಸಿ. ಬೆಳಕಿನ ಬಣ್ಣ 3,000 ಕೆಲ್ವಿನ್ ದಾಟದಿರಲಿ. ಕಣ್ಣು ಕೋರೈಸುವ ನೀಲಿ-ಬಿಳಿ ದೀಪದಿಂದ ನಿದ್ದೆಗೂ ಕೀಟ-ಪಕ್ಷಿಗಳಿಗೂ ತೊಂದರೆ. ಹಗಲಲ್ಲೂ ಉರಿಯುವ ದೀಪಗಳು ನಿಮ್ಮಲ್ಲಿದ್ದರೆ ಮೊದಲು ಟೈಮರ್ ಸರಿಪಡಿಸಿ, ಅದಕ್ಕೆ ಟೆಂಡರೇ ಬೇಕಿಲ್ಲ.

ನೀರಿನ ಕೊರತೆ ಇದೆ. ಹೊಸ ಮೂಲ ಹುಡುಕಬೇಕೇ, ಸೋರಿಕೆ ನಿಲ್ಲಿಸಬೇಕೇ?

ಮೊದಲು ಸೋರಿಕೆ. ಅದು ಎಷ್ಟಿದೆ ಎಂದು ತಿಳಿಯದೆ ಹೊಸ ಮೂಲಕ್ಕೆ ಕೈ ಹಾಕುವುದು ತೂತು ಬಿಂದಿಗೆಗೆ ನೀರು ಹೊತ್ತಂತೆ.

ಜಾಲವನ್ನು 500ರಿಂದ 3,000 ಸಂಪರ್ಕಗಳ ವಲಯಗಳಾಗಿ ಕವಾಟಗಳಿಂದ ಬೇರ್ಪಡಿಸಿ, ಪ್ರತಿ ವಲಯದ ಬಾಯಲ್ಲಿ ಒಂದು ಮೀಟರ್ ಹಾಕಬೇಕು. ರಾತ್ರಿ ಎರಡರಿಂದ ನಾಲ್ಕು ಗಂಟೆಯೊಳಗೆ, ಊರು ಮಲಗಿದ್ದಾಗ, ಹರಿವನ್ನು ಓದಿ. ಉದಾಹರಣೆಗೆ 1,000 ಮನೆಗಳ ವಲಯದಲ್ಲಿ ಆ ಹೊತ್ತಿನಲ್ಲಿ ಗಂಟೆಗೆ 8,000 ಲೀಟರ್ ಹರಿಯುತ್ತಿದೆ ಎನ್ನೋಣ. ಮನೆಗೆ 2 ಲೀಟರಿನಂತೆ ರಾತ್ರಿಯ ನಿಜ ಬಳಕೆಗೆ 2,000 ಬಿಟ್ಟರೂ ಗಂಟೆಗೆ 6,000 ಲೀಟರ್ ಮಣ್ಣಿಗೆ ಹೋಗುತ್ತಿದೆ. ಮುಂದೆ ವಲಯದೊಳಗಿನ ಕವಾಟಗಳನ್ನು ಒಂದೊಂದಾಗಿ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಮೀಟರ್ ಧಡಕ್ಕನೆ ಇಳಿಯಿತೋ ಆ ಬೀದಿಯಲ್ಲಿ ಸೋರಿಕೆ. ಆಮೇಲೆ ಶಬ್ದ ಕೇಳುವ ಕೋಲು ಹಿಡಿದು ಜಾಗ ಗುರುತಿಸಬೇಕು.

ದಿನಬಿಟ್ಟು ದಿನವೋ ಕೆಲವೇ ಗಂಟೆಯೋ ನೀರು ಬಿಡುವ ಊರುಗಳಲ್ಲಿ ಈ ಪರೀಕ್ಷೆ ಹಾಗೇ ನಡೆಯುವುದಿಲ್ಲ, ನೀರು ಬಿಟ್ಟಾಗಲೆಲ್ಲ ಮನೆಗಳ ತೊಟ್ಟಿ ತುಂಬುತ್ತಿರುತ್ತವೆ. ಅಲ್ಲಿ ಒಂದೊಂದೇ ಬೀದಿಯ ಮನೆ ಸಂಪರ್ಕಗಳನ್ನೆಲ್ಲ ಅರ್ಧ ಗಂಟೆ ಮುಚ್ಚಿ ಕೊಳವೆಯಲ್ಲಿ ಒತ್ತಡ ಹಿಡಿದು ಮೀಟರ್ ನೋಡಬೇಕು. ಆಗಲೂ ತಿರುಗಿದ್ದೆಲ್ಲ ಸೋರಿಕೆ. ಬಿಟ್ಟು ಬಿಟ್ಟು ನೀರು ಕೊಡುವುದರಲ್ಲಿ ಇನ್ನೊಂದು ಅಪಾಯವಿದೆ. ಕೊಳವೆ ಖಾಲಿಯಾದಾಗ ಒಳಗೆ ಒತ್ತಡ ಕುಸಿದು, ಅದೇ ತೂತುಗಳಿಂದ ಚರಂಡಿಯ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಸೋರಿಕೆ ತಡೆಯುವುದು ಆರೋಗ್ಯ ಇಲಾಖೆಯ ಕೆಲಸವೂ ಹೌದು ಎನ್ನುವುದು ಅದಕ್ಕೇ.

ಅಗೆಯದೆ ಉಳಿಸುವ ದಾರಿ ಒತ್ತಡ ಇಳಿಸುವುದು. ಸ್ಥೂಲವಾಗಿ, ಒತ್ತಡ ಹತ್ತರಲ್ಲೊಂದು ಪಾಲು ಇಳಿದರೆ ಸೋರಿಕೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಹೊಸ ಒಡಕುಗಳೂ ಕಡಿಮೆ. ತಗ್ಗಿನ ಬಡಾವಣೆಗಳಿಗೆ ರಾತ್ರಿ ಹೊತ್ತು ಒತ್ತಡ ತಗ್ಗಿಸುವ ಕವಾಟ ಬಹಳ ಕೆಲಸ ಮಾಡುತ್ತದೆ.

ಕಸ ಬೇರ್ಪಡಿಸಿ ಕೊಡಿ ಎಂದು ಎಷ್ಟು ಹೇಳಿದರೂ ಜನ ಕೇಳುವುದಿಲ್ಲ. ಏನು ಮಾಡುವುದು?

ಗಾಡಿಯ ಹಿಂದೆ ಒಂದು ದಿನ ಹೋಗಿ ನೋಡಿ. ಮನೆಯವರು ಬೇರೆ ಮಾಡಿ ಕೊಟ್ಟದ್ದನ್ನು ಗಾಡಿಯಲ್ಲಿ ಒಟ್ಟಿಗೆ ಸುರಿಯುತ್ತಿದ್ದರೆ ಜನ ಯಾಕಾದರೂ ಬೇರ್ಪಡಿಸಬೇಕು? ಹೆಚ್ಚಿನ ಕಡೆ ವಿಂಗಡಣೆ ಮುರಿದು ಬೀಳುವುದು ಇಲ್ಲೇ. ಗಾಡಿಯಲ್ಲಿ ಎರಡು ಪ್ರತ್ಯೇಕ ಅಂಕಣ, ಇಲ್ಲವೇ ಹಸಿ ಕಸಕ್ಕೆ ಒಂದು ದಿನ, ಒಣ ಕಸಕ್ಕೆ ಇನ್ನೊಂದು ದಿನ. ಇದಿಷ್ಟು ಆದ ಮೇಲೆ ಜನರ ಕಡೆ ತಿರುಗಿ.

ಒಂದೇ ವಾರ್ಡಿನಿಂದ ಆರಂಭಿಸಿ. ಮೊದಲ ಎರಡು ವಾರ ಮನೆಮನೆಗೆ ಹೋಗಿ ಹೇಳುವುದು. ಮೂರನೇ ವಾರದಿಂದ ಬೆರಕೆ ಕಸವನ್ನು ತೆಗೆದುಕೊಳ್ಳದೆ, ಕಾರಣ ಬರೆದ ಚೀಟಿ ಅಂಟಿಸಿ ಅಲ್ಲೇ ಬಿಡುವುದು. ದಂಡ ಕೊನೆಯ ಅಸ್ತ್ರ. ಎರಡು ತಿಂಗಳಾದರೂ ಬಗ್ಗದವರಿಗೆ ಮಾತ್ರ. ಬೆರಕೆ ಕಸ ತೆಗೆದುಕೊಳ್ಳದಿದ್ದಾಗ ಖಾಲಿ ನಿವೇಶನಗಳಲ್ಲಿ ರಾಶಿ ಬೀಳುತ್ತದೆ. ಇದು ಬಂದೇ ಬರುತ್ತದೆ ಎಂದು ಮೊದಲೇ ತಯಾರಿರಿ: ಅಂಥ ಹತ್ತಿಪ್ಪತ್ತು ಜಾಗ ಪಟ್ಟಿ ಮಾಡಿ, ಬೆಳಿಗ್ಗೆ-ರಾತ್ರಿ ಕಾವಲಿಟ್ಟು, ಬಿದ್ದದ್ದನ್ನು ಅಂದೇ ಎತ್ತಿಸಿ. ಒಂದು ಚೀಲ ಒಂದು ದಿನ ಉಳಿದರೆ ಮರುದಿನ ಹತ್ತಾಗುತ್ತದೆ.

ಶುಲ್ಕದಿಂದಲೂ ಜನ ಬದಲಾಗುತ್ತಾರೆ. ದಕ್ಷಿಣ ಕೊರಿಯಾ 1995ರಲ್ಲಿ ಕಸವನ್ನು ಅಧಿಕೃತ ಚೀಲಗಳಲ್ಲೇ ಹಾಕಬೇಕು, ಚೀಲ ದೊಡ್ಡದಾದಷ್ಟೂ ದುಡ್ಡು ಜಾಸ್ತಿ ಎಂಬ ನಿಯಮ ತಂದಿತು. 2005ರಲ್ಲಿ ಅಡುಗೆಮನೆ ಕಸವನ್ನು ನೇರವಾಗಿ ಗುಂಡಿಗೆ ಹಾಕುವುದನ್ನೇ ನಿಷೇಧಿಸಿತು. ಸೋಲ್ ನಗರದ ಅಪಾರ್ಟ್‌ಮೆಂಟುಗಳಲ್ಲಿ ಈಗ ಕಾರ್ಡು ತೋರಿಸಿದರೆ ತೊಟ್ಟಿಯ ಬಾಯಿ ತೆರೆದು ತೂಕ ನೋಡಿ ಲೆಕ್ಕ ಬರೆದುಕೊಳ್ಳುತ್ತದೆ. ಜಪಾನಿನ ಕಮಿಕಾತ್ಸು ಎಂಬ ಊರಿನವರು 2003ರಲ್ಲಿ ಶೂನ್ಯ ಕಸದ ಘೋಷಣೆ ಮಾಡಿ, ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರ್ಪಡಿಸುತ್ತಾರೆ. ಮನೆ ಬಾಗಿಲಿಗೆ ಗಾಡಿಯೇ ಇಲ್ಲ. ಅಲ್ಲಿರುವವರು 1,500ಕ್ಕೂ ಕಡಿಮೆ ಮಂದಿ ಎಂಬುದನ್ನು ಮರೆತು ಅದನ್ನು ಲಕ್ಷ ಜನರ ನಗರಕ್ಕೆ ನಕಲು ಮಾಡಬಾರದು. ಶುರುವಿಗೆ ಹಸಿ, ಒಣ, ಅಪಾಯಕಾರಿ ಎಂಬ ಮೂರೇ ಸಾಕು.

ಕಾಂಪೋಸ್ಟ್ ಘಟಕ ಮಾಡಿದ್ದೆವು. ವಾಸನೆ ಎಂದು ಸುತ್ತಲಿನವರು ಮುಚ್ಚಿಸಿದರು. ತಪ್ಪಿದ್ದು ಎಲ್ಲಿ?

ವಾಸನೆಗೆ ಎರಡೇ ಮುಖ್ಯ ಕಾರಣ, ಮೂಗೇ ಹೇಳುತ್ತದೆ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಿಲ್ಲ: ನೀರು ಜಾಸ್ತಿಯಾಗಿದೆ, ಇಲ್ಲವೇ ರಾಶಿ ಒತ್ತಿಕೊಂಡಿದೆ. ಮೂಗಿಗೆ ಅಡರುವ ಅಮೋನಿಯಾ ಬಂದರೆ ಸಾರಜನಕ ಹೆಚ್ಚು, ಇಂಗಾಲ ಕಡಿಮೆ. ಎರಡಕ್ಕೂ ಮದ್ದು ಒಂದೇ ಚೀಲದಲ್ಲಿದೆ: ಒಣ ಎಲೆ, ಮರದ ಚೂರು, ಹೊಟ್ಟು. ಇಂಗಾಲ-ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇರಬೇಕು. ಬುಟ್ಟಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಬುಟ್ಟಿ ಹಸಿ ಕಸಕ್ಕೆ ಎರಡು-ಮೂರು ಬುಟ್ಟಿ ಒಣ ಎಲೆ. ಘಟಕ ನಿಲ್ಲುವುದು ಬಹುಪಾಲು ಈ ಒಣ ಎಲೆ ಮುಗಿದಾಗಲೇ. ಉದ್ಯಾನದ ಎಲೆಯನ್ನು ಸುಡುವ ಊರಿನಲ್ಲೇ ಕಾಂಪೋಸ್ಟ್ ಘಟಕಕ್ಕೆ ಎಲೆ ಇರುವುದಿಲ್ಲ. ಎಲೆ ಉದುರುವ ಕಾಲದಲ್ಲಿ ವರ್ಷಕ್ಕಾಗುವಷ್ಟು ಕೂಡಿಟ್ಟು, ಮಳೆ ಬೀಳದ ಕಡೆ ಇಟ್ಟುಕೊಳ್ಳಿ.

ತೇವ ಶೇಕಡ 50ರಿಂದ 60. ಒಂದು ಹಿಡಿ ತೆಗೆದು ಹಿಂಡಿ: ಒಂದೆರಡು ಹನಿ ಜಿನುಗಿದರೆ ಹದ, ಧಾರೆ ಇಳಿದರೆ ಹೆಚ್ಚು, ಉಂಡೆ ಕಟ್ಟದೆ ಉದುರಿದರೆ ಕಡಿಮೆ. ರಾಶಿಯ ಎತ್ತರ ಒಂದೂವರೆಯಿಂದ ಎರಡು ಮೀಟರ್. ಅದಕ್ಕಿಂತ ಕಡಿಮೆಯಾದರೆ ಬಿಸಿ ನಿಲ್ಲುವುದಿಲ್ಲ, ಹೆಚ್ಚಾದರೆ ತಳದಲ್ಲಿ ಗಾಳಿ ಸತ್ತುಹೋಗುತ್ತದೆ. ರೋಗಾಣು ಸಾಯಲು ತೆರೆದ ರಾಶಿ 15 ದಿನ 55 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲಿದ್ದು, ಆ ಅವಧಿಯಲ್ಲಿ ಐದು ಸಲವಾದರೂ ಮಗುಚಬೇಕು. ಉದ್ದನೆಯ ಥರ್ಮಾಮೀಟರ್ ಒಂದಿರಲಿ, ಪ್ರತಿದಿನದ ಓದನ್ನು ಗೋಡೆಯ ಮೇಲೆ ಬರೆಸಿ.

ಜಾಗದ ಅಂದಾಜು ತಪ್ಪಿದರೂ ಇದೇ ಗತಿ. ದಿನಕ್ಕೆ ಒಂದು ಟನ್ ಹಸಿ ಕಸ ಬಂದು, ಎರಡು ತಿಂಗಳು ರಾಶಿಯಲ್ಲಿ ನಿಲ್ಲುವುದಾದರೆ ಮಗುಚುವ ಓಣಿಗಳನ್ನೂ ಸೇರಿಸಿ ರಾಶಿಗಳಿಗೇ ಸುಮಾರು 400 ಚದರ ಮೀಟರ್ ಬೇಕು. ಮಾಗಿಸಲು, ಜರಡಿ ಹಿಡಿಯಲು, ಚೀಲ ಇಡಲು ಬೇರೆ ಜಾಗ. ನೆಲ ಇಳಿಜಾರಾಗಿ, ಕಸದ ರಸ ಒಂದು ತೊಟ್ಟಿಗೆ ಸೇರಬೇಕು. ಆ ರಸವನ್ನು ರಾಶಿ ಒಣಗಿದಾಗ ಚಿಮುಕಿಸಬಹುದು, ಆದರೆ ಬಿಸಿ ಹಂತ ಮುಗಿಸಿದ ರಾಶಿಯ ಮೇಲೆ ಬೇಡ. ಸತ್ತ ರೋಗಾಣುವನ್ನು ಮತ್ತೆ ಬಿತ್ತಿದಂತಾಗುತ್ತದೆ.

ಕೊನೆಯದಾಗಿ, ಗೊಬ್ಬರದಲ್ಲಿ ಗಾಜು, ಪ್ಲಾಸ್ಟಿಕ್ ಚೂರು ಇದ್ದರೆ ಯಾವ ರೈತನೂ ಎರಡನೇ ಸಲ ಕೊಳ್ಳುವುದಿಲ್ಲ. ಬೆರಕೆ ಕಸವನ್ನು ಯಂತ್ರದಲ್ಲಿ ಬೇರ್ಪಡಿಸಿ ಒಳ್ಳೆಯ ಗೊಬ್ಬರ ಮಾಡುತ್ತೇವೆ ಎನ್ನುವವರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಸೀಸ, ಕ್ಯಾಡ್ಮಿಯಂ ನೋಡಿಸದೆ ಒಪ್ಪಬೇಡಿ.

ಕಸ ಸುಟ್ಟು ವಿದ್ಯುತ್ ಮಾಡುವ ಸ್ಥಾವರ ಒಳ್ಳೆಯದಲ್ಲವೇ?

ಹಸಿ ಕಸ ಹೆಚ್ಚಿರುವ ಊರಿಗೆ ಅಲ್ಲ. ನೀರನ್ನು ಆವಿ ಮಾಡುವುದಕ್ಕೇ ಶಾಖ ಮುಗಿದು, ಹೊರಗಿನ ಇಂಧನ ಸೇರಿಸಬೇಕಾಗುತ್ತದೆ. ಒಪ್ಪಂದದಲ್ಲಿ ‘ದಿನಕ್ಕೆ ಇಷ್ಟು ಟನ್ ಕೊಡದಿದ್ದರೂ ಹಣ ಕೊಡಬೇಕು’ ಎಂಬ ಕಲಮು ಇದೆಯೇ ನೋಡಿ. ಇದ್ದರೆ ಮುಂದಿನ ಇಪ್ಪತ್ತು ವರ್ಷ ಕಸ ಕಡಿಮೆ ಮಾಡಿದ್ದಕ್ಕೆ ನಿಮ್ಮ ಊರೇ ದಂಡ ಕಟ್ಟುತ್ತದೆ.

ಮಳೆ ಬಂದರೆ ರಸ್ತೆ ಹೊಳೆ, ಬೇಸಿಗೆಯಲ್ಲಿ ಬಾವಿ ಖಾಲಿ. ಚರಂಡಿ ದೊಡ್ಡದು ಮಾಡಿದರೆ ಸಾಕೇ?

ಸಾಲದು, ದೊಡ್ಡ ಚರಂಡಿ ಪ್ರವಾಹವನ್ನು ಕೆಳಗಿನ ಬಡಾವಣೆಗೆ ಬೇಗ ತಲುಪಿಸುತ್ತದೆ ಅಷ್ಟೆ. ನೀರನ್ನು ಬಿದ್ದಲ್ಲೇ ನಿಲ್ಲಿಸಿ ಇಂಗಿಸುವುದು ಮೊದಲ ಕೆಲಸ. 2011ರ ಜುಲೈ 2ರ ಮೇಘಸ್ಫೋಟದಲ್ಲಿ ಮುಳುಗಿದ ಕೋಪನ್‌ಹೇಗನ್ ಮರುವರ್ಷ ಮಾಡಿದ ಯೋಜನೆಯಲ್ಲಿ ಬರೀ ಕೊಳವೆಗಳನ್ನು ನೆಚ್ಚಲಿಲ್ಲ. ಉದ್ಯಾನಗಳನ್ನು ತಗ್ಗಿಸಿ, ಕೆಲವು ಬೀದಿಗಳನ್ನು ಜೋರು ಮಳೆಯಲ್ಲಿ ನೀರು ಹರಿಯಲೆಂದೇ ರೂಪಿಸಿತು.

ಲೆಕ್ಕ ಇಷ್ಟೇ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ, ಐದನೇ ಒಂದು ಪಾಲು ನಷ್ಟ ಬಿಟ್ಟರೆ 64,000 ಲೀಟರ್. ಮೊದಲ ಮಳೆಯ ಒಂದೆರಡು ಮಿಲಿಮೀಟರ್, ಅಂದರೆ ಇದೇ ಚಾವಣಿಗೆ 100ರಿಂದ 200 ಲೀಟರ್, ಧೂಳು-ಹಿಕ್ಕೆ ತೊಳೆದದ್ದು. ಅದನ್ನು ಹೊರಕ್ಕೆ ಬಿಡುವ ವ್ಯವಸ್ಥೆ ಇರಲೇಬೇಕು.

ರಸ್ತೆ ಬದಿಯಲ್ಲಿ ಇಂಗುತೋಟ (ಮಳೆನೀರು ನಿಂತು ಇಂಗಲೆಂದು ತಗ್ಗಿಸಿದ ಗಿಡಗಳ ಪಾತಿ) ಮಾಡುವ ಮುನ್ನ ಮಣ್ಣನ್ನು ಪರೀಕ್ಷಿಸಿ. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ ಎರಡನೇ ಸಲ ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. 25 ಮಿಲಿಮೀಟರ್ ದಾಟಿದರೆ ಒಳ್ಳೆಯದು. ಅದರ ಅರ್ಧಕ್ಕಿಂತ ಕಡಿಮೆಯಾದರೆ ತಳದಲ್ಲಿ ತೂತಿನ ಕೊಳವೆ ಹಾಕಿ ಹೆಚ್ಚುವರಿ ನೀರು ಹೊರಹಾಕಬೇಕು. ನೀರು ನಿಲ್ಲುವ ಆಳ 15 ಸೆಂಟಿಮೀಟರ್ ಆಸುಪಾಸು, ಖಾಲಿಯಾಗಲು 24 ಗಂಟೆ, ತಪ್ಪಿದರೆ 48. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರದ ಹತ್ತಿರ ಬೇಕಾಗುವುದರಿಂದ ಈ ಗಡುವಿನಲ್ಲಿ ಬತ್ತಿದರೆ ಭಯವಿಲ್ಲ. ಕಟ್ಟಡದ ತಳಪಾಯದಿಂದ ಮೂರು ಮೀಟರಾದರೂ ದೂರವಿರಲಿ. ಎಣ್ಣೆ, ಟೈರಿನ ಪುಡಿ ತೊಳೆದು ತರುವ ರಸ್ತೆ ನೀರನ್ನು ಮಾತ್ರ ಯಾವ ಕಾರಣಕ್ಕೂ ನೇರ ಕೊಳವೆಬಾವಿಗೆ ಇಳಿಸಬಾರದು.

ಎರಡು ಮೂರು ವರ್ಷದಲ್ಲಿ ಇಂಗುಗುಂಡಿಗಳು ಹೂಳಿನಿಂದ ಕಟ್ಟಿಕೊಳ್ಳುತ್ತವೆ. ಮಳೆಗಾಲಕ್ಕೆ ತಿಂಗಳಿರುವಾಗ ಮೇಲಿನ ಪದರದ ಮರಳು-ಜಲ್ಲಿ ತೆಗೆದು ತೊಳೆಯುವುದು ಚರಂಡಿ ಹೂಳೆತ್ತುವ ಪಟ್ಟಿಯಲ್ಲೇ ಸೇರಿಬಿಡಲಿ. ಬೇರೆ ಪಟ್ಟಿ ಮಾಡಿದರೆ ಮರೆತುಹೋಗುತ್ತದೆ.

ಪ್ರತಿ ವರ್ಷ ಸಾವಿರಾರು ಸಸಿ ನೆಡುತ್ತೇವೆ, ಮರಗಳೇ ಕಾಣುವುದಿಲ್ಲ. ಯಾಕೆ?

ನೆಟ್ಟ ಸಸಿಯ ಲೆಕ್ಕ ಇಡುತ್ತೀರಿ, ಉಳಿದ ಸಸಿಯ ಲೆಕ್ಕ ಇಡುವುದಿಲ್ಲ. ಗುತ್ತಿಗೆಯ ಹಣವನ್ನು ಮೂರು ಕಂತು ಮಾಡಿ: ನೆಟ್ಟಾಗ, ಮೊದಲ ಬೇಸಿಗೆ ಕಳೆದಾಗ, ಮೂರನೇ ವರ್ಷ. ಕೊನೆಯ ಎರಡು ಕಂತು ಬದುಕಿರುವ ಸಸಿಗಳಿಗೆ ಮಾತ್ರ.

ಗುಂಡಿ ಬೇರಿನ ಮುದ್ದೆಗಿಂತ ಎರಡು-ಮೂರು ಪಟ್ಟು ಅಗಲ, ಆಳ ಮಾತ್ರ ಮುದ್ದೆಯಷ್ಟೇ. ಕಾಂಡ ಬೇರಾಗಿ ಅಗಲವಾಗುವ ಬುಡ ಮಣ್ಣಿನ ಮೇಲೆ ಕಾಣಬೇಕು. ಹೂತುಹೋದರೆ ತೊಗಟೆ ಕೊಳೆಯುತ್ತದೆ. ಪ್ಲಾಸ್ಟಿಕ್ ಚೀಲ ಹರಿದು ತೆಗೆಯದೆ ನೆಟ್ಟ ಸಸಿಗಳು ವರ್ಷದೊಳಗೆ ಬೇರು ಸುತ್ತಿಕೊಂಡು ಸಾಯುವುದು ಎಲ್ಲೆಡೆ ಕಾಣುವ ದೃಶ್ಯ. ಬುಡಕ್ಕೆ ಕಾಂಕ್ರೀಟ್ ಸುರಿಯುವವರು ಹೆಚ್ಚಾಗಿ ನಮ್ಮದೇ ರಸ್ತೆ ವಿಭಾಗದವರು, ಆದ್ದರಿಂದ ಅಂದಾಜುಪಟ್ಟಿಯಲ್ಲೇ ಪ್ರತಿ ಮರಕ್ಕೆ ಬಿಡಬೇಕಾದ ತೆರೆದ ಮಣ್ಣಿನ ಅಳತೆ ಬರೆಸಿ.

ಜಾತಿಯ ಆಯ್ಕೆಗೆ ಅಮೆರಿಕದ ಸಸ್ಯತಜ್ಞ ಫ್ರಾಂಕ್ ಸಾಂಟಮೂರ್ ಕೊಟ್ಟ ಸೂತ್ರ ಉಪಯುಕ್ತ: ಊರಿನ ಮರಗಳಲ್ಲಿ ಒಂದೇ ಪ್ರಭೇದ ಶೇಕಡ 10, ಒಂದೇ ಜಾತಿಗುಂಪು 20, ಒಂದೇ ಕುಟುಂಬ 30 ಮೀರಬಾರದು. ಒಂದು ರೋಗ ಬಂದರೆ ಬೀದಿಗೆ ಬೀದಿಯೇ ಬೋಳಾಗದು.

ವಾಹನ ದಟ್ಟಣೆ ಕಡಿಮೆ ಮಾಡಲು ಹೊರಟರೆ ಜನ ಬೀದಿಗಿಳಿಯುತ್ತಾರೆ.

ಇಳಿಯಬಹುದು. ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ ನಗರದೊಳಗೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕವನ್ನು ಪ್ರಯೋಗವಾಗಿ ವಿಧಿಸಿತು. ಶುರುವಿನಲ್ಲಿ ಬಹುಪಾಲು ಜನರ ವಿರೋಧವಿತ್ತು. ಸಂಚಾರ ಐದನೇ ಒಂದು ಪಾಲು ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆ ಅದೇ ಸೆಪ್ಟೆಂಬರಿನ ಜನಮತಗಣನೆಯಲ್ಲಿ ನಗರದವರು ಪರವಾಗಿ ಮತ ಹಾಕಿದರು. 2007ರಲ್ಲಿ ಅದು ಕಾಯಂ ಆಯಿತು. ಕಲಿಯಬೇಕಾದದ್ದು ಕ್ರಮ: ಶುಲ್ಕಕ್ಕೆ ಮೊದಲೇ ಹೆಚ್ಚುವರಿ ಬಸ್ಸು ಬಿಟ್ಟಿದ್ದರು, ಪ್ರಯೋಗಕ್ಕೆ ಕೊನೆಯ ದಿನಾಂಕ ಇತ್ತು, ಅಂಕಿಗಳನ್ನು ಮುಚ್ಚಿಡಲಿಲ್ಲ.

ಸಣ್ಣ ಊರಿಗೆ ಶುಲ್ಕದ ಮಾತು ಬೇಕಿಲ್ಲ. ಅಡೆತಡೆಯಿಲ್ಲದೆ 1.8 ಮೀಟರ್ ಅಗಲದ ಕಾಲುದಾರಿ (ಎರಡು ಗಾಲಿಕುರ್ಚಿ ಎದುರಾದರೂ ದಾಟುವಷ್ಟು), ಇಳಿಯುವಲ್ಲಿ 12ಕ್ಕೆ 1ರ ಇಳಿಜಾರು, ಹತ್ತು ನಿಮಿಷಕ್ಕೊಂದು ಬಸ್ಸು. ಸೈಕಲ್ ಪಥ ಮಾಡುವುದಾದರೆ ಒಮ್ಮುಖಕ್ಕೆ ಒಂದೂವರೆ ಮೀಟರಿಗೆ ಕಡಿಮೆ ಬೇಡ. ಮುಖ್ಯವಾಗಿ ಅದು ಕೂಡುರಸ್ತೆಯಲ್ಲಿ ಮಾಯವಾಗಬಾರದು. ಅಪಘಾತದ ಭಯ ಇರುವುದೇ ಅಲ್ಲಿ, ಗುತ್ತಿಗೆದಾರರು ಪಥ ನಿಲ್ಲಿಸುವುದೂ ಅಲ್ಲೇ.

ಹೊಸ ಕಟ್ಟಡಗಳಿಗೆ ಸೌರ ಫಲಕ, ಹಸಿರು ಚಾವಣಿ ಕಡ್ಡಾಯ ಮಾಡಬಹುದೇ?

ಕಾನೂನಿನ ಅಧಿಕಾರ ಇದ್ದರೆ ಮಾಡಬಹುದು. 2000ದಲ್ಲಿ ಜಾರಿಗೆ ಬಂದ ಬಾರ್ಸಿಲೋನಾದ ನಿಯಮ ಹೊಸ ಕಟ್ಟಡಗಳ ಬಿಸಿನೀರಿನ ಶೇಕಡ 60ರಷ್ಟು ಸೂರ್ಯನಿಂದಲೇ ಬರಬೇಕೆಂದಿತು. ಟೊರಾಂಟೊ 2009ರಲ್ಲಿ ದೊಡ್ಡ ಕಟ್ಟಡಗಳಿಗೆ ಹಸಿರು ಚಾವಣಿ ಕಡ್ಡಾಯ ಮಾಡಿತು. ಇಂಥ ನಿಯಮದ ದುರ್ಬಲ ಕೊಂಡಿ ಒಂದೇ: ನಕ್ಷೆಯಲ್ಲಿ ಇರುತ್ತದೆ, ಚಾವಣಿಯ ಮೇಲೆ ಕೆಟ್ಟು ಕೂತಿರುತ್ತದೆ. ವಾಸಯೋಗ್ಯ ಪ್ರಮಾಣಪತ್ರ ಕೊಡುವ ಮುನ್ನ ಚಾಲನೆಯಲ್ಲಿರುವುದನ್ನು ನೋಡಿ, ಎರಡು ವರ್ಷದ ಬಳಿಕ ಹತ್ತರಲ್ಲೊಂದನ್ನಾದರೂ ಮರುತಪಾಸಣೆ ಮಾಡಿ. ತಪಾಸಣೆಗೆ ಸಿಬ್ಬಂದಿ ಇಲ್ಲದಿದ್ದರೆ ನಿಯಮವನ್ನು ಸದ್ಯಕ್ಕೆ ತರದಿರುವುದೇ ಮೇಲು.

ಹಣ ಎಲ್ಲಿಂದ?

ಜರ್ಮನಿಯ ಸ್ಟುಟ್‌ಗಾರ್ಟ್ 1995ರಿಂದ ನಡೆಸುತ್ತಿರುವ ಆವರ್ತ ನಿಧಿ ನಮ್ಮ ಮಟ್ಟಿಗೆ ಅತ್ಯಂತ ಜಾಣ ಏರ್ಪಾಡು. ನಗರಾಡಳಿತದ ಇಂಧನ ವಿಭಾಗ ಒಂದು ನಿಧಿಯಿಂದ ಶಾಲೆಗೋ ಆಸ್ಪತ್ರೆಗೋ ಹೊಸ ಬಾಯ್ಲರ್, ದೀಪ, ಪಂಪ್ ಹಾಕಿಸಿಕೊಡುತ್ತದೆ. ಶಾಲೆ, ಆಸ್ಪತ್ರೆ ನಡೆಸುವ ವಿಭಾಗ ಬಿಲ್ಲಿನಲ್ಲಿ ಉಳಿದ ಹಣವನ್ನು ಹಾಕಿದ ಬಂಡವಾಳ ತೀರುವವರೆಗೆ ನಿಧಿಗೆ ಮರಳಿಸುತ್ತದೆ. ಅದೇ ಹಣ ಮುಂದಿನ ಕಟ್ಟಡಕ್ಕೆ ಹೋಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಸಣ್ಣ ಠರಾವು: ಉಳಿತಾಯ ತೋರಿಸಿದ ವಿಭಾಗದ ಮುಂದಿನ ಬಜೆಟ್ಟನ್ನು ಆ ಉಳಿತಾಯದಷ್ಟು ಕತ್ತರಿಸಬಾರದು. ಕತ್ತರಿಸಿದರೆ ಯಾವ ಅಧಿಕಾರಿಯೂ ಉಳಿಸಲು ಕೈ ಹಾಕುವುದಿಲ್ಲ.

ಸಭೆ ಕರೆದರೆ ಯಾರೂ ಬರುವುದಿಲ್ಲ.

ತೀರ್ಮಾನವಾದ ಮೇಲೆ ಕರೆದ ಸಭೆಗೆ ಯಾರು ಬರುತ್ತಾರೆ? ಬ್ರೆಜಿಲಿನ ಪೋರ್ಟೋ ಅಲೆಗ್ರೆ 1989ರಿಂದ ಬಜೆಟ್ಟಿನ ಒಂದು ಭಾಗವನ್ನು ಜನರ ಸಭೆಗಳಲ್ಲೇ ಹಂಚುವ ಪದ್ಧತಿ ತಂದಾಗ ಜನ ಬಂದರು, ಕೈ ಎತ್ತಿದರೆ ಹಣ ಚಲಿಸುತ್ತದೆಂದು ಗೊತ್ತಿತ್ತು. ಸಣ್ಣ ಮೊತ್ತವಾದರೂ ಸರಿ, ವಾರ್ಡಿನವರೇ ನಿರ್ಧರಿಸುವ ಹಣ ಇರಲಿ. ಸಭೆ ಸಂಜೆಯಿರಲಿ, ಮಕ್ಕಳನ್ನು ಕರೆತರುವಂತಿರಲಿ, ಹಿಂದಿನ ಸಭೆಯ ನಿರ್ಣಯಗಳಲ್ಲಿ ಯಾವುದಾಯಿತು ಯಾವುದಾಗಲಿಲ್ಲ ಎಂಬುದೇ ಮೊದಲ ಹತ್ತು ನಿಮಿಷವಾಗಲಿ. ಕಸ ಆಯುವವರು, ಪೌರಕಾರ್ಮಿಕರು, ಪಂಪ್ ಆಪರೇಟರುಗಳನ್ನು ಹೆಸರು ಹಿಡಿದು ಕರೆಯಿರಿ. ಊರಿನ ಯಾವ ಕವಾಟ ಎಲ್ಲಿದೆ ಎಂಬುದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಟೆಂಡರ್ ಕರೆಯುವಾಗ ಕಡೇಪಕ್ಷ ಯಾವುದನ್ನು ನೋಡಬೇಕು?

ಕೊಳ್ಳುವ ಬೆಲೆಗೆ ಹತ್ತು ವರ್ಷದ ವಿದ್ಯುತ್, ಬಿಡಿಭಾಗ, ವಿಲೇವಾರಿಯ ವೆಚ್ಚ ಕೂಡಿಸಿ ಹೋಲಿಸಿ. ಪಂಪಿನ ವಿಷಯದಲ್ಲಿ ಜೀವಮಾನದ ಖರ್ಚಿನಲ್ಲಿ ಬೆಲೆಯದು ಸಣ್ಣ ಪಾಲು, ವಿದ್ಯುತ್ತಿನದೇ ದೊಡ್ಡದು. ಐದು ವರ್ಷದ ನಿರ್ವಹಣೆ ಅದೇ ಗುತ್ತಿಗೆಯಲ್ಲಿರಲಿ. ಹಣದ ಒಂದು ಭಾಗವನ್ನು ಅಳೆದು ತೋರಿಸಿದ ಫಲಿತಾಂಶಕ್ಕೆ ಕಟ್ಟಿಹಾಕಿ: ಉರಿಯುವ ದೀಪಕ್ಕೆ, ಮಾರಾಟವಾದ ಗೊಬ್ಬರಕ್ಕೆ, ಮೇಲೆತ್ತಿದ ನೀರಿಗೆ. ಅಳೆಯುವ ಮೀಟರ್ ಮಾತ್ರ ಗುತ್ತಿಗೆದಾರನದ್ದಾಗಿರದೆ ಪುರಸಭೆಯದ್ದೇ ಆಗಿರಬೇಕು, ಅದರ ಬೀಗದ ಕೈಯೂ ಕೂಡ.